ಸೊಳ್ಳೆಗೆ ಸಸ್ಯದ ಎಣ್ಣೆ: ಎಷ್ಟು ನಂಬಬಹುದು?

(ರೈತರ ಮತ್ತು ಮಹಿಳಾ ಮಂಡಲಿಯವರ ಕೂಡುಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಹೋದ ವರ್ಷ ಮುಂಗಾರಿಗೆ ಮೊದಲು ಇದೇ ಅರಳಿಕಟ್ಟೆಯ ಬಳಿ ನಿಂತು ಮಜ್ಜಿಗೆ ಹುಲ್ಲಿನ ಎಣ್ಣೆಯ ಗುಣವನ್ನು ತಮಗೆ ವಿವರಿಸಿದ್ದೆ. ಸಣ್ಣ ಸೀಸೆಗಳನ್ನು ತಂದು ಹಂಚಿದ್ದೂ ಉಂಟು. ಆ ದಿನ ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಅರ್ಧ ಮಾತ್ರ ಹೇಳಿದ್ದೆ. ಉಳಿದ ಅರ್ಧವನ್ನು ಹೇಳದೆ ಬಿಟ್ಟದ್ದರಿಂದ ಏನಾಯಿತೆಂಬುದನ್ನು ಮೊದಲು ಒಪ್ಪಿಕೊಂಡು, ಆಮೇಲೆ ಪೂರ್ತಿ ವಿಷಯವನ್ನು ತಮ್ಮ ಮುಂದಿಡುತ್ತೇನೆ.

ಆ ಸಭೆಗೆ ಬಂದಿದ್ದ ಒಬ್ಬ ಅವ್ವ ನನ್ನ ಮಾತನ್ನು ನಂಬಿದರು. ಎಣ್ಣೆ ಇರುವಾಗ ಪರದೆಯೇಕೆ ಎಂದು ಸೊಳ್ಳೆಪರದೆಯನ್ನು ಮಡಿಸಿ ಅಟ್ಟಕ್ಕೆ ಹಾಕಿದರು. ದಿನವೂ ರಾತ್ರಿ ಊಟವಾದ ಮೇಲೆ ಮೊಮ್ಮಗನ ಕೈಕಾಲಿಗೆ ಎಣ್ಣೆ ಸವರಿ ಮಲಗಿಸುತ್ತಿದ್ದರು. ಗೌರಿಹಬ್ಬದ ಹೊತ್ತಿಗೆ ಹುಡುಗನಿಗೆ ಜ್ವರ ಬಂತು. ರಕ್ತ ನೋಡಿದಾಗ ಡೆಂಗಿ ಎಂದು ತಿಳಿಯಿತು. ಏಳು ದಿನ ಆಸ್ಪತ್ರೆಯಲ್ಲಿದ್ದು, ದೇವರ ದಯೆಯಿಂದ ಗುಣವಾಗಿ ಮನೆಗೆ ಬಂದ. ಆರೋಗ್ಯ ಕಾರ್ಯಕರ್ತೆಯರು ಅವರ ಮನೆಗೆ ಹೋಗಿ ನೋಡಿದರೆ, ಹಿತ್ತಲಿನ ಕಲ್ಲುಬಾನಿಯ ತಿಳಿನೀರಿನಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

ಸಮಾಧಾನ ಹೇಳಲೆಂದು ನಾನು ಹೋದಾಗ ಆ ಅವ್ವ ಬೈಯಲಿಲ್ಲ. "ನೀನು ರಾತ್ರಿ ಹಚ್ಚು ಅಂದೆ. ಅದು ಹಗಲು ಕಚ್ಚೋ ಸೊಳ್ಳೆಯಂತೆ ಕಣಪ್ಪ" ಎಂದರು, ಅಷ್ಟೆ. ಒಂದು ವಾರ ಬಿಟ್ಟು ನನ್ನ ವಸತಿಗೇ ಬಂದರು. ಸೊಳ್ಳೆ ಬಾರದಿರಲೆಂದು ಬಾಗಿಲ ಬಳಿ ಕುಂಡದಲ್ಲಿ ಮಜ್ಜಿಗೆ ಹುಲ್ಲು ಬೆಳೆಸಿದ್ದೆ. ಅವ್ವ ಬಗ್ಗಿ ಕುಂಡದ ಕೆಳಗಿನ ತಟ್ಟೆಯನ್ನು ಎಳೆದರು. ಅದರಲ್ಲಿ ನಿಂತ ನೀರಿನಲ್ಲಿಯೂ ಮರಿಹುಳುಗಳು! ನಾನು ತಲೆ ತಗ್ಗಿಸಿದೆ. ಈ ದಿನದ ನನ್ನ ಭಾಷಣ ಆ ತಟ್ಟೆಯಿಂದಲೇ ಹುಟ್ಟಿತೆಂದು ತಿಳಿಯಿರಿ.

ಎಣ್ಣೆಗಳಲ್ಲಿ ಎರಡು ಜಾತಿ

ಸೊಳ್ಳೆಗೆಂದು ಬಳಸುವ ಸಸ್ಯದ ಎಣ್ಣೆಗಳಲ್ಲಿ ಎರಡು ಬಗೆ. ಬೇವು, ಹೊಂಗೆ ಇವು ಗಾಣದಲ್ಲಿ ಬೀಜವನ್ನು ಹಿಂಡಿ ತೆಗೆದವು. ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲ ಹುಲ್ಲು, ನೀಲಗಿರಿ, ತುಲಸಿ ಇವುಗಳ ಎಣ್ಣೆ ಬಟ್ಟಿ ಇಳಿಸಿ ತೆಗೆದದ್ದು. ಹಬೆಯಲ್ಲಿ ಸೊಪ್ಪನ್ನು ಬೇಯಿಸಿ, ಆ ಹಬೆಯನ್ನು ತಣಿಸಿದಾಗ ನೀರಿನ ಮೇಲೆ ತೇಲುವ ಸುಗಂಧ ತೈಲ ಇದು. 100 ಕಿಲೋ ಹಸಿ ಹುಲ್ಲು ಬೇಯಿಸಿದರೆ ಸಿಕ್ಕುವುದು ಸುಮಾರು ಅರ್ಧದಿಂದ ಒಂದು ಕಿಲೋ ಎಣ್ಣೆ ಮಾತ್ರ.

ಈ ಎರಡರ ಭೇದವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಬಿಳಿ ಕಾಗದದ ಮೇಲೆ ಬೇವಿನ ಎಣ್ಣೆಯ ಒಂದು ತೊಟ್ಟು, ಪಕ್ಕದಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆಯ ಒಂದು ತೊಟ್ಟು ಹಾಕಿ ಬಿಡಿ. ಮರುದಿನ ನೋಡಿದರೆ ಬೇವಿನ ಎಣ್ಣೆಯ ಜಿಡ್ಡು ಹಾಗೆಯೇ ಇರುತ್ತದೆ. ಹುಲ್ಲಿನ ಎಣ್ಣೆಯ ಕಲೆ ಬಹುಪಾಲು ಮಾಯವಾಗಿರುತ್ತದೆ. ಅದು ಗಾಳಿಗೆ ಹಾರಿಹೋಯಿತು.

ಈ ಒಂದು ಪರೀಕ್ಷೆಯಲ್ಲಿ ಎಲ್ಲ ವಿಷಯವೂ ಅಡಗಿದೆ. ಸುಗಂಧ ತೈಲ ಸೊಳ್ಳೆಯನ್ನು ಓಡಿಸುವುದು ಹಾರುವ ಗುಣದಿಂದ. ಬೇಗನೆ ಸೋಲುವುದೂ ಅದೇ ಗುಣದಿಂದ.

ಕಚ್ಚುವುದು ಹೆಣ್ಣು ಸೊಳ್ಳೆ ಮಾತ್ರ. ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ನಾವು ಬಿಡುವ ಉಸಿರು, ಮೈಯ ವಾಸನೆ, ಮೈಯ ಬಿಸಿ, ಇವನ್ನು ಹಿಡಿದು ಅದು ನಮ್ಮನ್ನು ಹುಡುಕುತ್ತದೆ. ಮೈಗೆ ಹಚ್ಚಿದ ತೈಲ ಆವಿಯಾಗುತ್ತಿರುವಾಗ ಆ ಘಾಟು ಅದಕ್ಕೆ ದಾರಿ ತಪ್ಪಿಸುತ್ತದೆ. ಘಾಟು ಇರುವ ತನಕ ಕಾವಲು, ಘಾಟು ಹೋದರೆ ಕಾವಲೂ ಹೋಯಿತು. ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲ ಎಣ್ಣೆಗಳ ಕಾವಲು ಸಾಮಾನ್ಯವಾಗಿ ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ. ಬೆವರು ಹರಿದರೆ ಇನ್ನೂ ಕಡಿಮೆ. ಹೀಗಿರುವಲ್ಲಿ ಒಂಬತ್ತು ಗಂಟೆಗೆ ಹಚ್ಚಿ ಮಲಗಿದವನಿಗೆ ಹನ್ನೊಂದರ ಮೇಲೆ ರಕ್ಷಣೆ ಎಲ್ಲಿಂದ ಬರಬೇಕು?

ಕುಂಡದಲ್ಲಿ ಬೆಳೆಸಿದ ಹುಲ್ಲಿನ ಮಾತಂತೂ ಹೇಳಬೇಕಾದದ್ದೇ ಇಲ್ಲ. ಎಣ್ಣೆ ಗರಿಯ ಒಳಗೆ ಇರುತ್ತದೆ. ಗರಿಯನ್ನು ಹಿಸುಕದೆ ಅದು ಹೊರಗೆ ಬಾರದು. ಸುಮ್ಮನೆ ನಿಂತ ಗಿಡ ಮನೆಯನ್ನು ಕಾಯುವುದಿಲ್ಲ. ಬದುವಿನ ಮೇಲೆ ಈ ಹುಲ್ಲನ್ನು ಮಣ್ಣು ಹಿಡಿಯಲು ಬೆಳೆಸಿ, ಬಟ್ಟಿಯ ಅನುಕೂಲ ಹತ್ತಿರ ಇದ್ದರೆ ಮಾರಾಟಕ್ಕೂ ಬೆಳೆಸಿ. ಸೊಳ್ಳೆ ಓಡಿಸಲೆಂದು ನೆಟ್ಟು ನಿಶ್ಚಿಂತರಾಗಬೇಡಿ.

ನೀಲಗಿರಿಯ ವಿಷಯದಲ್ಲಿಯೂ ಒಂದು ತಪ್ಪು ತಿಳುವಳಿಕೆ ಇದೆ. ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕಾಯ್ದದ್ದು ನಿಂಬೆ ವಾಸನೆಯ ನೀಲಗಿರಿ ಎಂಬ ಬೇರೊಂದು ಜಾತಿಯ ಎಲೆಯಿಂದ ಸಂಸ್ಕರಿಸಿ ತೆಗೆದ ವಸ್ತು. ಪಿ.ಎಂ.ಡಿ. ಎಂದು ಅದರ ಹೆಸರು. ಅದನ್ನೂ 3 ವರ್ಷದೊಳಗಿನ ಮಕ್ಕಳಿಗೆ ಹಚ್ಚಕೂಡದೆಂಬ ನಿಯಮವಿದೆ. ನಮ್ಮ ತೋಪುಗಳಲ್ಲಿ ಸಾಮಾನ್ಯವಾಗಿ ಕಾಣುವ ನೀಲಗಿರಿ ಆ ಜಾತಿಯದಲ್ಲ. ನೆಗಡಿಗೆ ಹಚ್ಚುವ ನೀಲಗಿರಿ ಎಣ್ಣೆಯೂ ಅದಲ್ಲ.

ಇನ್ನು ಬೇವು. ಇದು ಹಾರುವ ಎಣ್ಣೆಯಲ್ಲವಾದ್ದರಿಂದ ಮೈಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆ. ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡು ಪಾಲು ಬೇವಿನ ಎಣ್ಣೆ ಬೆರೆಸಿ ನಮ್ಮ ದೇಶದ ಮಲೇರಿಯಾ ಸಂಶೋಧಕರು ಪರೀಕ್ಷೆ ಮಾಡಿದರು. ಮಲೇರಿಯಾ ಹರಡುವ ಜಾತಿಯ ಸೊಳ್ಳೆಗಳಿಂದ 12 ಗಂಟೆ ರಕ್ಷಣೆ ದೊರೆಯಿತೆಂದು 1993ರಲ್ಲಿ ಪ್ರಕಟಿಸಿದರು. ಆದರೆ ಎಲ್ಲ ಕಡೆಯ ಪರೀಕ್ಷೆಗಳಲ್ಲಿ, ಎಲ್ಲ ಜಾತಿಯ ಸೊಳ್ಳೆಗಳ ಮೇಲೆ ಫಲ ಒಂದೇ ಸಮನಾಗಿ ಬಂದಿಲ್ಲ. ಆದುದರಿಂದ ಬೇವಿನ ಎಣ್ಣೆಯನ್ನು ಪರದೆಯ ಜೊತೆಗೆ ಬಳಸಬೇಕೇ ಹೊರತು ಪರದೆಯ ಬದಲಿಗೆ ಅಲ್ಲ.

ಬಳಸುವ ಕ್ರಮ

250 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಟೀ ಚಮಚ, ಎಂದರೆ 5 ಮಿಲಿಲೀಟರ್ ಬೇವಿನ ಎಣ್ಣೆ ಸಾಕು. ಮಜ್ಜಿಗೆ ಹುಲ್ಲಿನ ಎಣ್ಣೆಯಾದರೆ 100 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ ಅಷ್ಟೇ ಚಮಚ. ಬಟ್ಟಿಯ ಎಣ್ಣೆಯನ್ನು ಬೆರೆಸದೆ ಹಾಗೆಯೇ ಹಚ್ಚಿದರೆ ಚರ್ಮ ಉರಿದು ಬೊಬ್ಬೆ ಬರಬಹುದು. ಮೊದಲ ಸಲ ಮುಂಗೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆ ಬಂದರೆ ಬಿಟ್ಟುಬಿಡಿ. ಕಣ್ಣು, ಬಾಯಿ, ಗಾಯಗಳ ಹತ್ತಿರ ಹಚ್ಚಬೇಡಿ. ಹಸುಗೂಸುಗಳಿಗೆ ಯಾವ ಎಣ್ಣೆಯೂ ಬೇಡ, ಪರದೆಯೇ ಸಾಕು.

ತಾಯಂದಿರು ಒಂದು ಮಾತನ್ನು ಮರೆಯಕೂಡದು. ಬೇವಿನ ಎಣ್ಣೆ, ನೀಲಗಿರಿ ಎಣ್ಣೆ ಇವನ್ನು ಮಕ್ಕಳಿಗೆ ಒಂದು ಚಮಚವನ್ನೂ ಕುಡಿಸಬಾರದು. ಬೇವಿನ ಎಣ್ಣೆ ಕುಡಿಸಿದ್ದರಿಂದ ಎಳೆಯ ಮಕ್ಕಳಿಗೆ ಸೆಳವು ಬಂದು ಪ್ರಾಣ ಹೋದದ್ದುಂಟು. ಗಿಡದ್ದೆಂದ ಮಾತ್ರಕ್ಕೆ ನಿರಪಾಯವಲ್ಲ. ಸೀಸೆಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪಿನ ಹೊಗೆ ಹಾಕುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಹೊಗೆ ಇರುವಷ್ಟು ಹೊತ್ತು ಸೊಳ್ಳೆ ದೂರ ಇರುವುದು ನಿಜ. ಸಂಜೆ ಸ್ವಲ್ಪ ಹೊತ್ತು, ಗಾಳಿ ಆಡುವಂತೆ ಬಾಗಿಲು ತೆರೆದು ಹಾಕಿದರೆ ದನಗಳಿಗೆ ನೆಮ್ಮದಿ. ಆದರೆ ಮಕ್ಕಳೂ ಮುದುಕರೂ ಮಲಗುವ ಕೋಣೆಯಲ್ಲಿ ಹೊಗೆ ತುಂಬಿಸಿ ಬಾಗಿಲು ಮುಚ್ಚಬೇಡಿ. ಯಾವ ಸೊಪ್ಪಿನ ಹೊಗೆಯಾದರೂ ಶ್ವಾಸಕೋಶಕ್ಕೆ ಕೆಟ್ಟದ್ದೇ.

ಮರಿಯಲ್ಲೇ ಹಿಡಿಯಬೇಕು

ಹಾರುವ ಸೊಳ್ಳೆಯನ್ನು ಓಡಿಸಿದರೆ ಅದು ನಮ್ಮ ಮನೆ ಬಿಟ್ಟು ನೆರೆಮನೆಗೆ ಹೋಗುತ್ತದೆ. ನೀರಿನಲ್ಲಿರುವ ಮರಿಯನ್ನು ಕೊಂದರೆ ಇಡೀ ಊರಿಗೆ ಲಾಭ. ಮೊಟ್ಟೆಯಿಂದ ಮರಿಹುಳು, ಮರಿಹುಳುವಿನಿಂದ ಕೋಶ, ಕೋಶದಿಂದ ರೆಕ್ಕೆಯ ಸೊಳ್ಳೆ, ಇಷ್ಟಕ್ಕೂ ಬೆಚ್ಚಗಿನ ದಿನಗಳಲ್ಲಿ ಸುಮಾರು 7ರಿಂದ 10 ದಿನ ಸಾಕು. ಈ ದಿನಗಳಲ್ಲಿ ಅದಕ್ಕೆ ರೆಕ್ಕೆಯಿಲ್ಲ, ಓಡಿಹೋಗಲು ದಾರಿಯಿಲ್ಲ. ನಮ್ಮ ಕೈಗೆ ಸಿಕ್ಕಿಬಿದ್ದಿರುವುದು ಆಗ ಮಾತ್ರ.

ಒಂದು ಬಿಳಿ ಬಟ್ಟಲಿನಲ್ಲಿ ತೊಟ್ಟಿಯ ನೀರನ್ನು ಮೊಗೆದು ನೋಡಿ. ಮರಿಹುಳು ಕಪ್ಪಗೆ ಕಾಣುತ್ತದೆ. ಅದು ನೀರಿನಲ್ಲಿದ್ದರೂ ಉಸಿರಾಡುವುದು ಮೇಲಿನ ಗಾಳಿಯನ್ನೇ. ಡೆಂಗಿ ಹರಡುವ ಸೊಳ್ಳೆಯ ಮರಿ ಬಾಲದ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗುತ್ತದೆ. ಮಲೇರಿಯಾ ಸೊಳ್ಳೆಯ ಮರಿ ನೀರಿನ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ನೀರಿನ ಮೇಲೆ ಎಣ್ಣೆಯ ಪೊರೆ ಹರಡಿದರೆ ಎರಡಕ್ಕೂ ಉಸಿರು ಕಟ್ಟುತ್ತದೆ. ಬೇವಿನಲ್ಲಿ ಇನ್ನೊಂದು ಗುಣವೂ ಇದೆ. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಮರಿಹುಳು ಪೊರೆ ಕಳಚಿ ಬೆಳೆಯುವುದನ್ನು ತಡೆಯುತ್ತದೆ. ಮಜ್ಜಿಗೆ ಹುಲ್ಲು, ಓಮ, ಲವಂಗ ಇವುಗಳ ತೈಲಗಳೂ ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಮರಿಗಳನ್ನು ಕೊಂದಿವೆ. ಆದರೆ ಬಿಸಿಲು ಬೀಳುವ ಚರಂಡಿಯಲ್ಲಿ ಆ ತೈಲಗಳು ಬೇಗ ಆರಿಹೋಗುತ್ತವೆ, ಬೆಲೆಯೂ ಹೆಚ್ಚು. ಆ ಕೆಲಸಕ್ಕೆ ನಮಗೆ ಬೇವೇ ಸರಿ.

ಬೆಳೆಗೆ ಬೇವಿನ ಎಣ್ಣೆ ಸಿಂಪಡಿಸುವಾಗ ಸೋಪು ಬೆರೆಸುವುದು ತಮಗೆ ಗೊತ್ತೇ ಇದೆ. ಇಲ್ಲಿಯೂ ಹಾಗೆಯೇ. 50 ಮಿಲಿಲೀಟರ್ ಬೇವಿನ ಎಣ್ಣೆಗೆ ಸ್ವಲ್ಪ ಸೋಪಿನ ನೀರು ಹಾಕಿ ಚೆನ್ನಾಗಿ ಕದಡಿ, ಒಟ್ಟು ಒಂದು ಲೀಟರ್ ಆಗುವಂತೆ ನೀರು ಸೇರಿಸಿ. ಹಾಲಿನಂತೆ ಬೆಳ್ಳಗಾದರೆ ಬೆರೆತಿದೆ ಎಂದರ್ಥ. ಹರಿಯದೆ ನಿಂತ ಬಚ್ಚಲು ಗುಂಡಿ, ಚರಂಡಿ, ಇವುಗಳ ಮೇಲೆ ಸಮನಾಗಿ ಚಿಮುಕಿಸಿ. ಹಾಕುವ ಮೊದಲೂ, ಎರಡು ದಿನದ ಮೇಲೂ ಬಿಳಿ ಬಟ್ಟಲಿನಿಂದ ಮೊಗೆದು ಮರಿಗಳನ್ನು ಎಣಿಸಿ. ಫಲ ಬಂದಿದೆಯೋ ಇಲ್ಲವೋ ಎಂದು ನನ್ನನ್ನು ಕೇಳಬೇಕಾದದ್ದಿಲ್ಲ, ಬಟ್ಟಲೇ ಹೇಳುತ್ತದೆ. ಕೋಶಗಳು ಏನನ್ನೂ ತಿನ್ನುವುದಿಲ್ಲವಾದ್ದರಿಂದ ಬೇವಿಗೆ ಅವು ಅಷ್ಟಾಗಿ ಬಗ್ಗವು. ಆದುದರಿಂದ ಬಟ್ಟಲನ್ನು ವಾರವಾರವೂ ಹಿಡಿಯಿರಿ, ಮರಿ ಕಂಡರೆ ಮತ್ತೆ ಹಾಕಿ.

ಕುಡಿಯುವ ನೀರಿಗೆ, ಬಾವಿಗೆ, ದನ ಕುಡಿಯುವ ತೊಟ್ಟಿಗೆ, ಮೀನು ಸಾಕುವ ಕೊಳಕ್ಕೆ ಯಾವ ಎಣ್ಣೆಯನ್ನೂ ಹಾಕಕೂಡದು. ಬಳಸದ ಬಾವಿ, ದೊಡ್ಡ ತೊಟ್ಟಿಗಳಿಗೆ ಗಪ್ಪಿ ಮೀನು ಬಿಡುವುದು ಒಳ್ಳೆಯ ಉಪಾಯ. ಅವು ಮರಿಹುಳುಗಳನ್ನು ಹೆಕ್ಕಿ ತಿನ್ನುತ್ತವೆ. ನಮ್ಮ ನಾಡಿನ ಹಲವು ಹಳ್ಳಿಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಮೀನಿನ ವಿಷಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ಗದ್ದೆಯ ಮಾತು

ನಮ್ಮದು ನಾಲೆಯ ಸೀಮೆ. ಮಂಡ್ಯದ ಬಯಲಿಗೆ 1930ರ ದಶಕದಲ್ಲಿ ನಾಲೆಯ ನೀರು ಬಂದಾಗ ಬೆಳೆಯ ಜೊತೆಗೆ ಮಲೇರಿಯಾವೂ ಬಂತು. 1970ರ ದಶಕದ ಕೊನೆಯಲ್ಲಿ ಕೋಲಾರ, ಮಂಡ್ಯ ಕಡೆಗಳಲ್ಲಿ ಮಿದುಳು ಜ್ವರ ಕಾಣಿಸಿತು. ಅದನ್ನು ಹರಡುವ ಸೊಳ್ಳೆ ಹುಟ್ಟುವುದು ನೀರು ನಿಂತ ಭತ್ತದ ಗದ್ದೆಯಲ್ಲಿಯೇ. ಇಡೀ ಬಯಲಿಗೆ ಎಣ್ಣೆ ಸುರಿಯಲು ಯಾರಿಂದಲೂ ಆಗದು. ತಮಿಳುನಾಡಿನ ಗದ್ದೆಗಳಲ್ಲಿ 1990ರ ದಶಕದಲ್ಲಿ ಯೂರಿಯಾಕ್ಕೆ ಬೇವಿನ ಹಿಂಡಿ ಬೆರೆಸಿ ಹಾಕಿ ನೋಡಿದಾಗ ಈ ಜಾತಿಯ ಮರಿಗಳು ಕಡಿಮೆಯಾದವು. 2015ರಿಂದ ನಮಗೆ ದೊರೆಯುವ ಯೂರಿಯಾ ಬೇವು ಲೇಪಿತವೇ. ಆದರೆ ಆ ತೆಳು ಲೇಪ ಸಾರಜನಕ ಪೋಲಾಗದಿರಲೆಂದು ಮಾಡಿದ್ದು, ಅದು ಸೊಳ್ಳೆಯನ್ನೂ ನೋಡಿಕೊಳ್ಳುತ್ತದೆಂದು ಭಾವಿಸಬೇಡಿ.

ಗದ್ದೆಯಲ್ಲಿ ನೀರನ್ನು ಸದಾ ನಿಲ್ಲಿಸದೆ, ಪೈರು ಬೇರೂರಿದ ಮೇಲೆ ಆಗಾಗ ಬಸಿದು, ಮಣ್ಣು ಕಾಣುವಂತೆ ಬಿಟ್ಟು, ಮತ್ತೆ ಕಟ್ಟುವುದು ಎಣ್ಣೆಗಿಂತ ದೊಡ್ಡ ಮದ್ದು. ಮರಿಗಳು ಒಣಗಿ ಸಾಯುತ್ತವೆ, ನೀರೂ ಉಳಿಯುತ್ತದೆ. ಹೊಡೆ ತುಂಬಿ ತೆನೆ ಬರುವ ಕಾಲದಲ್ಲಿ ಮಾತ್ರ ನೀರಿನ ಕೊರತೆ ಮಾಡಬೇಡಿ. ಅಕ್ಕಪಕ್ಕದ ಗದ್ದೆಯವರು ಮಾತಾಡಿಕೊಂಡು ಒಟ್ಟಿಗೆ ಮಾಡಿದರೆ ಫಲ ಹೆಚ್ಚು. ಮಿದುಳು ಜ್ವರಕ್ಕೆ ಮಕ್ಕಳಿಗೆ ಲಸಿಕೆ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

ಬೆಂಗಳೂರಿನ ಒಂದು ಪೀಪಾಯಿ

ಇಲ್ಲೊಂದು ಹಳೆಯ ಸಂಗತಿ ಹೇಳಬೇಕು. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾ ವೈದ್ಯರು ಬೆಂಗಳೂರಿಗೆ ಬಂದರು. ಅವರ ಬಂಗಲೆಯಲ್ಲಿ ಸೊಳ್ಳೆಯ ಕಾಟ. ಹುಡುಕಿ ನೋಡಿದರೆ ಕಿಟಕಿಯ ಹೊರಗೆ ನೀರಿದ್ದ ಪೀಪಾಯಿಯಲ್ಲಿ ಮರಿಗಳು ಬೆಳೆಯುತ್ತಿದ್ದವು. ಪೀಪಾಯಿಯನ್ನು ಕವುಚಿ ಹಾಕಿದರು, ಕಾಟ ತಗ್ಗಿತು. ಉಳಿದ ಕಡೆಯೂ ಹೀಗೆ ಮಾಡೋಣವೆಂದಾಗ, ಸೃಷ್ಟಿಯ ಕ್ರಮವನ್ನು ಕೆಡಿಸಬಾರದೆಂದು ಹೇಳಿ ಅಧಿಕಾರಿಯೊಬ್ಬರು ಒಪ್ಪಲಿಲ್ಲವಂತೆ. ಅದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಜೀವಾಣುವನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದರೆ ಬೆಂಗಳೂರಿನಲ್ಲಿ ಪೀಪಾಯಿ ಕವುಚಿದಾಗ ಅವರ ಕೈಯಲ್ಲಿ ಯಾವ ಎಣ್ಣೆಯೂ ಇರಲಿಲ್ಲ, ಮದ್ದೂ ಇರಲಿಲ್ಲ.

ಮದ್ದನ್ನು ಮಾತ್ರ ನಂಬಿದರೆ ಏನಾಗುತ್ತದೆಂಬುದನ್ನೂ ನಮ್ಮ ದೇಶ ಕಂಡಿದೆ. 1953ರಲ್ಲಿ ಡಿ.ಡಿ.ಟಿ. ಸಿಂಪಡಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದಾಗ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು. 1965ರ ಹೊತ್ತಿಗೆ ಅದು ಸುಮಾರು ಒಂದು ಲಕ್ಷಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಸೊಳ್ಳೆ ಆ ಮದ್ದಿಗೆ ಒಗ್ಗಿಹೋದದ್ದು. ಕವುಚಿದ ಪೀಪಾಯಿಗೆ ಮಾತ್ರ ಯಾವ ಸೊಳ್ಳೆಯೂ ಒಗ್ಗಿಕೊಳ್ಳಲಾರದು.

ಸೋಮವಾರ ಒಣದಿನ

ಆದುದರಿಂದ ತಮ್ಮಲ್ಲಿ ನನ್ನ ಅರಿಕೆ ಇದು. ಸೋಮವಾರ ಬಸವನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಆ ದಿನವನ್ನೇ ಮನೆಯ ಒಣದಿನವಾಗಿಯೂ ಮಾಡಿಕೊಳ್ಳೋಣ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರಕ್ಕೆ ಕಡಿಮೆ ಇಲ್ಲವಾದ್ದರಿಂದ ವಾರಕ್ಕೊಂದು ದಿನ ತಪ್ಪದೆ ಮಾಡಿದರೆ ಸಾಕು.

1. ಕಲ್ಲುಬಾನಿ, ಹಂಡೆ, ಡ್ರಮ್ಮು, ಸಿಮೆಂಟು ತೊಟ್ಟಿಗಳನ್ನು ಖಾಲಿ ಮಾಡಿ, ಒಳಗೋಡೆಯನ್ನು ನಾರಿನಿಂದ ತಿಕ್ಕಿ ತೊಳೆಯಿರಿ. ನೀರು ಚೆಲ್ಲಿದರೆ ಸಾಲದು. ಡೆಂಗಿ ಸೊಳ್ಳೆಯ ಮೊಟ್ಟೆ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ನೀರು ತಾಗಿದೊಡನೆ ಒಡೆದು ಮರಿಯಾಗುತ್ತದೆ.

2. ಮತ್ತೆ ನೀರು ತುಂಬಿದ ಮೇಲೆ ಬಟ್ಟೆ ಕಟ್ಟಿ ಇಲ್ಲವೆ ಬಿಗಿಯಾದ ಮುಚ್ಚಳ ಹಾಕಿ. ಸಂಪಿನ ಬಾಯಿಯನ್ನೂ ಹಾಗೆಯೇ ಮುಚ್ಚಿ.

3. ತೆಂಗಿನ ಕರಟ, ಅಡಿಕೆ ಹಾಳೆ, ಹಳೆಯ ಟೈರು, ಒಡೆದ ಗಡಿಗೆ ಇವನ್ನು ಮಳೆಗೆ ಬಿಡಬೇಡಿ. ಕವುಚಿ ಇಡಿ, ಇಲ್ಲವೆ ತೆಗೆದುಹಾಕಿ.

4. ಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆಗಳನ್ನು ಬಗ್ಗಿ ನೋಡಿ. ಇದನ್ನು ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ.

5. ಖಾಲಿ ಮಾಡಲಾಗದ ಕೊಳಕು ನೀರಿಗೆ ಬೇವಿನ ಎಣ್ಣೆಯ ನೀರು ಚಿಮುಕಿಸಿ.

6. ರಾತ್ರಿ ಎಲ್ಲರೂ ಪರದೆಯೊಳಗೆ ಮಲಗಿ. ಮಕ್ಕಳೂ ಬಾಣಂತಿಯರೂ ಹಗಲು ಮಲಗಿದಾಗಲೂ ಪರದೆ ಇರಲಿ.

7. ಜ್ವರ ಬಂದರೆ ಎಣ್ಣೆ, ಕಷಾಯ ಎಂದು ದಿನ ಕಳೆಯದೆ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ತೋರಿಸಿ.

ಇಷ್ಟೆಲ್ಲ ಆದ ಮೇಲೆ ಎಣ್ಣೆಗೆ ಏನು ಸ್ಥಾನ? ಅದಕ್ಕೂ ಸ್ಥಾನವಿದೆ. ಸಂಜೆ ಹಾಲು ಕರೆಯುವಾಗ, ಗದ್ದೆಗೆ ನೀರು ಕಟ್ಟಲು ಹೋಗುವಾಗ, ರಾತ್ರಿ ಜಾತ್ರೆಯಲ್ಲಿ ನಾಟಕ ನೋಡುವಾಗ ಪರದೆಯನ್ನು ಹೊತ್ತುಕೊಂಡು ಹೋಗಲಾಗದು. ಆ ಒಂದೆರಡು ಗಂಟೆಗೆ ಎಣ್ಣೆ ಒಳ್ಳೆಯ ಗೆಳೆಯ. ಮನೆಯ ಕಾವಲನ್ನು ಅದರ ಕೈಗೆ ಒಪ್ಪಿಸಬೇಡಿ.

ಆ ಅವ್ವನ ಮನೆಯಲ್ಲಿ ಪರದೆ ಈಗ ಅಟ್ಟದಿಂದ ಇಳಿದಿದೆ. ಕಲ್ಲುಬಾನಿಯನ್ನು ಸೋಮವಾರ ತಿಕ್ಕುವುದು ಆ ಮೊಮ್ಮಗನೇ. ಮುಂದಿನ ಸೋಮವಾರದಿಂದ ನಾನು ಬಿಳಿ ಬಟ್ಟಲು ಹಿಡಿದು ಬೀದಿಬೀದಿಗೆ ಬರುತ್ತೇನೆ. ತಮ್ಮ ಹಿತ್ತಲಿಗೆ ಬರಲು ಅಪ್ಪಣೆ ಕೊಡಿ. ಅದಕ್ಕೆ ಮೊದಲು ತಾವು ಯಾರಾದರೂ ನನ್ನ ಬಾಗಿಲಿಗೆ ಬಂದು ಆ ಕುಂಡದ ತಟ್ಟೆಯನ್ನು ಎಳೆದು ನೋಡಿದರೂ ಸರಿಯೇ.